ಎರಡು ಬೆರಳು ಎತ್ತರ

ನನಗೆ ಬೇಕಾಗಿದ್ದದ್ದು ಎರಡು ಬೆರಳು ಎತ್ತರ, ಅಷ್ಟೇ. ಗಾಡಿ ಜೀಪಿನ ಹಾಗೆ ಕಾಣಬೇಕು, ಬಂಡೆ ಹತ್ತಬೇಕು ಅಂತೆಲ್ಲ ಆಸೆ ಇರಲಿಲ್ಲ. ನನ್ನದು 2017ರ ಡೀಸೆಲ್ ವಿಟಾರಾ ಬ್ರೆಝಾ ಕಾರು. ದಿನಾ ಉಡುಪಿಯ ಸಂತೆಕಟ್ಟೆಯಿಂದ ಸುರತ್ಕಲ್‌ಗೆ ಹೆದ್ದಾರಿ 66ರಲ್ಲಿ ಆಫೀಸಿಗೆ ಹೋಗಿ ಬರುತ್ತದೆ. ಭಾನುವಾರ ಮನೆಮಂದಿಯನ್ನೆಲ್ಲ ತುಂಬಿಕೊಂಡು ಹೆಬ್ರಿಯ ಆಚೆ ಅಪ್ಪನ ತೋಟಕ್ಕೆ ಹೋಗುತ್ತದೆ. ತಾಪತ್ರಯ ಇರುವುದು ಆ ದಾರಿಯ ಕೊನೆಯಲ್ಲಿ.

ಡಾಂಬರು ಮುಗಿದ ಮೇಲೆ ಕೆಂಪು ಮಣ್ಣಿನ ರಸ್ತೆ. ನಮ್ಮ ಕಡೆ ವರ್ಷಕ್ಕೆ 4000 ಮಿಲಿಮೀಟರಿನ ಆಚೀಚೆ ಮಳೆ ಸುರಿಯುತ್ತದಲ್ಲ, ಅದರಲ್ಲಿ ಚಕ್ರ ಹೋಗುವ ಎರಡು ಗೆರೆಗಳೂ ಕೊರೆದು ಕಣಿಯಾಗುತ್ತವೆ. ನಡುವೆ ಹುಲ್ಲು ಬೆಳೆದ ಏರಿ ಉಳಿಯುತ್ತದೆ. ಏರಿಯೊಳಗಿಂದ ಅಲ್ಲಲ್ಲಿ ಕೆಂಪುಕಲ್ಲು ತಲೆ ಎತ್ತಿರುತ್ತದೆ. ನಾನೊಬ್ಬನೇ ಹೋದರೆ ಏನೂ ಇಲ್ಲ. ಐದು ಜನ ಕೂತು, ಬರುವಾಗ ಡಿಕ್ಕಿಯಲ್ಲಿ ತೆಂಗಿನಕಾಯಿ ಗೋಣಿ ಇದ್ದರೆ ಗಾಡಿಯ ಹೊಟ್ಟೆ ಉಜ್ಜುತ್ತದೆ. ಆ ಸದ್ದು ಕೇಳಿದರೆ ಹಲ್ಲು ಜುಮ್ಮೆನ್ನುತ್ತದೆ.

ಅಪ್ಪನ ಸಲಹೆ ಸರಳ. "ಗಾಡಿ ಎತ್ತುವ ದುಡ್ಡಲ್ಲಿ ದಾರಿಗೆ ಎರಡು ಲೋಡು ಜಲ್ಲಿ ಹಾಕ್ಸು." ಹಾಕಿಸಿದ್ದೂ ಉಂಟು. ಜಲ್ಲಿ ಈಗ ಕೆಳಗಿನ ಮನೆಯವರ ತೋಡಿನಲ್ಲಿದೆ. ಅವರು ಬಹಳ ಖುಷಿಯಲ್ಲಿದ್ದಾರೆ.

ಭಾವನದ್ದು ಇನ್ನೊಂದು ತುದಿ. "ಎತ್ತುವುದಾದರೆ ಎರಡೂವರೆ ಇಂಚು ಎತ್ತು ಮಾರಾಯ. ದೊಡ್ಡ ಟೈರ್ ಹಾಕು. ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ನೀರು ನಿಂತರೂ ಸೀದಾ ಹೋಗಬಹುದು." ಭಾವನ ಹತ್ತಿರ ಬೊಲೆರೊ ಉಂಟು, ಅವರಿಗೆ ಹೇಳಲಿಕ್ಕೆ ಸುಲಭ. ಆದರೆ ನೀರಿನ ಲೆಕ್ಕವೇ ಬೇರೆ. ಸಸ್ಪೆನ್ಷನ್, ಅಂದರೆ ಚಕ್ರದ ಮೇಲೆ ಬಾಡಿಯನ್ನು ಹೊರುವ ಸ್ಪ್ರಿಂಗ್ ಜೋಡಣೆ, ಎತ್ತಿದರೆ ಇಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿ ಏರುವುದು ನಾವು ಎತ್ತಿದ ಅಷ್ಟೇ ಮಿಲಿಮೀಟರ್. ಆ ಬಾಯಿಗೆ ನೀರು ಹೋಗಿ ಸಿಲಿಂಡರಿಗೆ ಇಳಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಂಜಿನ್ನೇ ಬಿಚ್ಚಬೇಕು. ಎರಡು ಬೆರಳು ಎತ್ತರ ನೋಡಿಕೊಂಡು ನೆರೆ ನೀರಿಗೆ ಗಾಡಿ ಇಳಿಸುವವರ ಧೈರ್ಯ ನನಗಂತೂ ಬೇಡ.

ಯಾರ ಮಾತೂ ಬೇಡ ಅಂತ ಮೊದಲು ಗಾಡಿಯ ಅಡಿಗೆ ಹೋಗಿ ನೋಡಿದೆ. ಮಣಿಪಾಲದ ಕೈಗಾರಿಕಾ ಪ್ರದೇಶದಲ್ಲಿ ನಮಗೆ ಪರಿಚಯದ ಗ್ಯಾರೇಜ್ ಇದೆ. ಮೆಕ್ಯಾನಿಕ್ ಗಾಡಿಯನ್ನು ಲಿಫ್ಟಿಗೆ ಏರಿಸಿ ಕೈಗೆ ಟಾರ್ಚ್ ಕೊಟ್ಟರು. "ಎಲ್ಲಿ ತಾಗುತ್ತದೆ ಅಂತ ಗಾಡಿಯೇ ಬರೆದಿಟ್ಟಿರ್ತದೆ, ಓದಿ" ಅಂದರು. ನಿಜ. ಮುಂದಿನ ಬಂಪರಿನ ಕೆಳತುದಿಯಲ್ಲಿ ಒಂದು ಗೀರೂ ಇಲ್ಲ. ಹಿಂದಿನ ಬಂಪರೂ ಚೊಕ್ಕ. ಆದರೆ ನಡುವೆ, ಸೈಲೆನ್ಸರ್ ಪೈಪಿಗೆ ಜೋಡಣೆ ಬರುವ ಚಪ್ಪಟೆ ಪಟ್ಟಿಯ ಅಂಚು ಬೆಳ್ಳಗೆ ಹೊಳೆಯುತ್ತಿತ್ತು. ತುಕ್ಕು ಹಿಡಿದ ಪೈಪಿನಲ್ಲಿ ಅದೊಂದೇ ಜಾಗ ಹೊಸದು. ಬೋಲ್ಟಿನ ತಲೆಯ ಮೂಲೆ ಸವೆದು ದುಂಡಗಾಗಿತ್ತು. ನಟ್ಟಿನ ಹಿಂದೆ ಕಡಲೆಕಾಳಿನಷ್ಟು ದೊಡ್ಡ ಕೆಂಪುಕಲ್ಲಿನ ಚೂರು ಸಿಕ್ಕಿಕೊಂಡಿತ್ತು. ಉಗುರಿನಲ್ಲಿ ಕೆರೆದರೂ ಬರಲಿಲ್ಲ, ಸ್ಕ್ರೂ ಡ್ರೈವರ್ ಬೇಕಾಯಿತು.

ಇದರಿಂದ ಅರ್ಧ ಉತ್ತರ ಸಿಕ್ಕಿತು. ನನ್ನ ತೊಂದರೆ ಮೂತಿಯದ್ದಲ್ಲ, ಹೊಟ್ಟೆಯದ್ದು. ಎರಡು ಚಕ್ರಗಳ ನಡುವಿನ ಜಾಗ ಏರಬೇಕು. ಹಾಗಾಗಬೇಕಾದರೆ ಹಿಂದೆ ಮುಂದೆ ಎರಡೂ ಕಡೆ ಎತ್ತಬೇಕು. ಮುಂದೆ ಮಾತ್ರ ಎತ್ತಿ ನೋಟಕ್ಕೆ ಚಂದ ಮಾಡಿದರೆ ಹೊಟ್ಟೆಗೆ ಸಿಗುವುದು ಅರ್ಧ ಪಾಲು.

ಭಾವನ ಬೊಲೆರೊ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹಿಂದಿನ ಆಕ್ಸಲ್ ಒಂದೇ ಗಟ್ಟಿ ಕೊಳವೆಯಾಗಿರುವ ಗಾಡಿಯಲ್ಲಿ, ನಡುವೆ ಉಬ್ಬಿದ ಡಿಫರೆನ್ಷಿಯಲ್ (ಎರಡೂ ಚಕ್ರಕ್ಕೆ ಬಲ ಹಂಚುವ ಗೇರು) ಗುಂಡೇ ಎಲ್ಲಕ್ಕಿಂತ ಕೆಳಗೆ ಇರುವುದು. ಸ್ಪ್ರಿಂಗ್, ಪಟ್ಟಿ ಏನು ಬದಲಿಸಿದರೂ ಬಾಡಿ ಏರುತ್ತದೆ ಹೊರತು ಆ ಗುಂಡು ಒಂದು ಮಿಲಿಮೀಟರೂ ಏರುವುದಿಲ್ಲ. ಅದು ಕೂತಿರುವುದು ಚಕ್ರದ ನಡುವಿನ ಗೆರೆಯಲ್ಲಿ. ಟೈರ್ ದೊಡ್ಡದಾದರೆ ಮಾತ್ರ ಅದು ಏರುವುದು. ಇದನ್ನು ಭಾವನಿಗೆ ಹೇಳಿದೆ. ಅವರು ಒಪ್ಪಲಿಲ್ಲ, ಅಡಿಗೆ ಬಗ್ಗಿ ನೋಡಿ ಬಂದ ಮೇಲೆ ಮಾತು ಬದಲಿಸಿದರು. ನನ್ನ ಗಾಡಿಯಲ್ಲಿ ಆ ಗುಂಡು ಇಲ್ಲ. ಇದು ಮುಂದಿನ ಚಕ್ರದಿಂದ ಓಡುವ ಗಾಡಿ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿ. ಹಿಂದೆ ಟಾರ್ಷನ್ ಬೀಮ್, ಅಂದರೆ ಎರಡೂ ಚಕ್ರದ ತೋಳುಗಳನ್ನು ಜೋಡಿಸುವ ಅಡ್ಡಪಟ್ಟಿ. ಬಾಡಿ ಎತ್ತಿದರೆ ಹೊಟ್ಟೆಯೂ ಜೊತೆಗೇ ಏರುತ್ತದೆ.

ಇನ್ನು ಅಳತೆ. ಕಂಪನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಹೊಟ್ಟೆಯವರೆಗಿನ ಎತ್ತರ, 198 ಮಿಲಿಮೀಟರ್. ನಮ್ಮಲ್ಲಿ ಹೆಚ್ಚಿನ ಕಂಪನಿಗಳು ಹೇಳುವುದು ಖಾಲಿ ಗಾಡಿಯ ಅಳತೆ, ಅದೂ ಹೊಸ ಗಾಡಿಯದು. ಜನ ಕೂತಾಗ ಎಷ್ಟು ಉಳಿಯುತ್ತದೆ ಅಂತ ಯಾವ ಜಾಹೀರಾತಿನಲ್ಲೂ ಬರುವುದಿಲ್ಲ. ಮೆಕ್ಯಾನಿಕ್ ಕಲಿಸಿದ ಕ್ರಮ ಹೀಗೆ. ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಬೇಕು. ಟೈರಿನ ಗಾಳಿ ಸರಿ ಇರಬೇಕು. ಸ್ವಲ್ಪ ಹಿಂದೆ ಮುಂದೆ ಓಡಿಸಿ ಸ್ಪ್ರಿಂಗ್ ತನ್ನಷ್ಟಕ್ಕೆ ಕೂರಲು ಬಿಡಬೇಕು. ಆಮೇಲೆ ಚಕ್ರದ ನಟ್ಟನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿಯಬೇಕು. ನೆಲದಿಂದ ಅಳೆದರೆ ಟೈರ್ ಸವೆದದ್ದು, ಗಾಳಿ ಕಮ್ಮಿ ಇದ್ದದ್ದು ಎಲ್ಲ ಲೆಕ್ಕಕ್ಕೆ ಬಂದು ಗೊಂದಲ ಆಗುತ್ತದೆ. ಹೀಗೆ ಅಳೆದರೆ ಸ್ಪ್ರಿಂಗಿನ ಸುದ್ದಿ ಮಾತ್ರ ಸಿಗುತ್ತದೆ.

ನನ್ನ ಗಾಡಿಯ ಅಳತೆಯೊಂದೇ ಇದ್ದರೆ ಏನು ಪ್ರಯೋಜನ? ಹೋಲಿಸಲು ಇನ್ನೊಂದು ಬೇಕಲ್ಲ. ನಮ್ಮ ಓಣಿಯಲ್ಲೇ ಅದೇ ಮಾದರಿಯ, ಜಾಸ್ತಿ ಓಡದ ಗಾಡಿ ಇದೆ. ಅದರ ಯಜಮಾನರು ನಿವೃತ್ತರು, ದೇವಸ್ಥಾನ ಮತ್ತು ತರಕಾರಿ ಅಂಗಡಿಗೆ ಮಾತ್ರ ಗಾಡಿ ತೆಗೆಯುವವರು. ಟೇಪ್ ಹಿಡಿದುಕೊಂಡು ಹೋದಾಗ ಅವರಿಗೆ ಅನುಮಾನ. "ಎಂತದ್ದಕ್ಕೆ? ಮಾರಲಿಕ್ಕೆ ಇಲ್ಲ" ಅಂದರು. ವಿವರಿಸಿದ ಮೇಲೆ ಟೇಪಿನ ಇನ್ನೊಂದು ತುದಿಯನ್ನು ಅವರೇ ಹಿಡಿದುಕೊಂಡರು. ಅವರ ಗಾಡಿಗಿಂತ ನನ್ನದು ಮುಂದೆ 10 ಮಿಲಿಮೀಟರ್, ಹಿಂದೆ ಸುಮಾರು 15 ಮಿಲಿಮೀಟರ್ ಕೆಳಗೆ ಕೂತಿತ್ತು. ಡ್ರೈವರ್ ಬದಿ ಇನ್ನೂ ಕೊಂಚ ಜಾಸ್ತಿ ಇಳಿದಿತ್ತು.

ಇಡೀ ಯೋಚನೆ ಬದಲಾದದ್ದು ಇಲ್ಲಿಂದ. ಎತ್ತಬೇಕು ಅಂತ ಹೊರಟ ಗಾಡಿ ಆಗಲೇ ಒಂದು ಬೆರಳಿನ ಹತ್ತಿರ ಇಳಿದುಬಿಟ್ಟಿದೆ. ವರ್ಷಾನುಗಟ್ಟಲೆ ಭಾರ ಹೊತ್ತ ಸ್ಪ್ರಿಂಗ್ ಸ್ವಲ್ಪ ಸ್ವಲ್ಪವಾಗಿ ಕುಸಿಯುತ್ತದೆ. ಕರಾವಳಿಯ ಉಪ್ಪು ಗಾಳಿಗೆ ಅದರ ಮೇಲಿನ ಬಣ್ಣ ಎದ್ದು ತುಕ್ಕು ಹಿಡಿಯುವುದು ಬೇರೆ. ಹಳೇ ಸ್ಪ್ರಿಂಗ್ ಮೇಲೆ ಲಿಫ್ಟ್ ಕಿಟ್ (ಗಾಡಿ ಎತ್ತರಿಸುವ ಬಿಡಿಭಾಗ) ಕೂರಿಸಿದರೆ ದುಡ್ಡು ಕೊಟ್ಟು ಕಂಪನಿಯ ಹಳೇ ಎತ್ತರಕ್ಕೇ ವಾಪಸ್ ಬಂದ ಹಾಗಾಗುತ್ತಿತ್ತು. ಕುಸಿದ ಸ್ಪ್ರಿಂಗೂ ಹಾಗೇ ಉಳಿಯುತ್ತಿತ್ತು.

ಆದರೂ ಎಲ್ಲ ದಾರಿಗಳನ್ನೂ ಒಮ್ಮೆ ನೋಡಿದೆ.

ಎಲ್ಲಕ್ಕಿಂತ ಅಗ್ಗದ್ದು ಸ್ಪ್ರಿಂಗಿನ ಸುರುಳಿಗಳ ನಡುವೆ ತುರುಕುವ ರಬ್ಬರ್ ಬಫರ್. ಆನ್‌ಲೈನಿನಲ್ಲಿ ಧಾರಾಳ ಸಿಗುತ್ತದೆ, 'ಗ್ರೌಂಡ್ ಕ್ಲಿಯರೆನ್ಸ್ ಹೆಚ್ಚಿಸುತ್ತದೆ' ಅಂತ ದೊಡ್ಡ ಅಕ್ಷರದಲ್ಲಿ ಹಾಕಿರುತ್ತಾರೆ. ಅಸಲಿಗೆ ಅದು ಮಾಡುವುದು ಒಂದು ಸುರುಳಿಯನ್ನು ಕೆಲಸ ಮಾಡದಂತೆ ಕಟ್ಟಿಹಾಕುವುದು. ಕೆಲಸ ಮಾಡುವ ಸುರುಳಿ ಕಮ್ಮಿಯಾದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತದೆ. ಭಾರ ಹಾಕಿದಾಗ ಇಳಿಯುವುದು ಕಮ್ಮಿ, ಒಪ್ಪೋಣ. ಆದರೆ ಹಂಪ್ಸ್ ದಾಟುವಾಗ ಪೆಟ್ಟು ನೇರ ಸೊಂಟಕ್ಕೆ. ಉಳಿದ ಸುರುಳಿಗಳ ಮೇಲೆ ಹೊರೆ ಜಾಸ್ತಿ. ರಬ್ಬರ್ ಮತ್ತು ಸ್ಪ್ರಿಂಗ್ ನಡುವೆ ಮಣ್ಣು ನೀರು ಕೂತು ಬಣ್ಣ ಉಜ್ಜಿ ಹೋಗುವುದು ಇನ್ನೊಂದು. ನಮ್ಮ ಮಳೆಗೆ ಅದು ಹೇಳಿ ಮಾಡಿಸಿದ್ದಲ್ಲ. ಮೆಕ್ಯಾನಿಕ್ ತನ್ನ ಬೆಂಚಿನ ಕೆಳಗಿಂದ ತುಂಡಾದ ಸ್ಪ್ರಿಂಗ್ ಒಂದನ್ನು ತೆಗೆದು ತೋರಿಸಿದರು. ಬಫರ್ ಕೂತಿದ್ದ ಜಾಗದ ಪಕ್ಕದಲ್ಲೇ ಮುರಿದಿತ್ತು. ನನಗೆ ಅಷ್ಟು ಸಾಕಾಯಿತು.

ಟೈರ್ ಎರಡನೇ ದಾರಿ. ನನ್ನ ಗಾಡಿಯದ್ದು 215/60 ಆರ್16, ಅಂದರೆ ಅಗಲ 215 ಮಿಲಿಮೀಟರ್, ಬದಿಯ ಎತ್ತರ ಅಗಲದ 60 ಪರ್ಸೆಂಟ್, ರಿಮ್ 16 ಇಂಚು. ಅದನ್ನು 215/65 ಮಾಡಿದರೆ ವ್ಯಾಸ 664ರಿಂದ 686 ಮಿಲಿಮೀಟರಿಗೆ ಏರುತ್ತದೆ. ಗಾಡಿಗೆ ಸಿಗುವುದು ಅದರ ಅರ್ಧ, ಹತ್ತಿರ ಹತ್ತಿರ 11 ಮಿಲಿಮೀಟರ್. ಇದರ ಒಳ್ಳೆಯ ಗುಣ ಏನೆಂದರೆ ಸಸ್ಪೆನ್ಷನ್ ಮುಟ್ಟುವುದೇ ಬೇಡ. ಕೆಟ್ಟದ್ದೂ ಇದೆ. ಟೈರಿನ ಸುತ್ತಳತೆ 3 ಪರ್ಸೆಂಟಿಗಿಂತ ಸ್ವಲ್ಪ ಜಾಸ್ತಿ ದೊಡ್ಡದಾಗುತ್ತದೆ. ಅಂದರೆ ಅದೇ ವೇಗದಲ್ಲಿ ಮೀಟರ್ ಮೊದಲಿಗಿಂತ ಕಮ್ಮಿ ತೋರಿಸಲು ಶುರುಮಾಡುತ್ತದೆ. ಟೈರ್ ಭಾರ ಏರುತ್ತದೆ, ಪಿಕಪ್ ಮಂಕಾಗುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗಿನ ಪ್ಲಾಸ್ಟಿಕ್ಕಿಗೆ ತಾಗುತ್ತದಾ ಅಂತಲೂ ನೋಡಬೇಕು. ನನ್ನ ಟೈರ್ ಇನ್ನೂ ಒಳ್ಳೆಯದಿತ್ತು. ಒಳ್ಳೆಯ ಟೈರ್ ತೆಗೆದು ಬಿಸಾಡಲು ಮನಸ್ಸು ಬರಲಿಲ್ಲ.

ಮೂರನೆಯದು ಸ್ಪೇಸರ್. ಮುಂದಿನ ಸ್ಟ್ರಟ್ಟಿನ ಮೇಲೆ, ಅದು ಬಾಡಿಗೆ ಸೇರುವ ಜಾಗದಲ್ಲಿ ದಪ್ಪನೆಯ ಬಿಲ್ಲೆ ಕೂರಿಸುವುದು. ಸ್ಪ್ರಿಂಗ್ ಅದೇ, ಶಾಕ್ ಅದೇ, ಹಾಗಾಗಿ ಗಾಡಿಯ ಗುಣ ಹೆಚ್ಚು ಬದಲಾಗುವುದಿಲ್ಲ. ಬಿಲ್ಲೆ ಎಷ್ಟು ದಪ್ಪವೋ ಹೆಚ್ಚುಕಮ್ಮಿ ಅಷ್ಟು ಎತ್ತರ ಸಿಗುತ್ತದೆ. 50 ಮಿಲಿಮೀಟರಿನದ್ದೂ ಸಿಗುತ್ತದೆ. ಆದರೆ ಇಂಜಿನ್ನಿನಿಂದ ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟ್ ಇದೆಯಲ್ಲ, ಇಂಜಿನ್ ಮೇಲೇರಿ ಚಕ್ರ ಕೆಳಗೇ ಉಳಿದರೆ ಅದು ಓರೆಯಾಗುತ್ತದೆ. ಜಾಯಿಂಟ್ ದಿನವಿಡೀ ಬಾಗಿಕೊಂಡೇ ತಿರುಗಬೇಕು. ಅದರ ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ. ಬೂಟ್ ಹರಿದರೆ ಗ್ರೀಸ್ ಹೊರಗೆ, ಮಣ್ಣು ಒಳಗೆ. ಆಮೇಲೆ ತಿರುವಿನಲ್ಲೆಲ್ಲ 'ಕಟಕಟ'.

"ದಿನಾ ಓಡಿಸುವ ಗಾಡಿಗೆ 20, ಹೆಚ್ಚೆಂದರೆ 25. ಅದಕ್ಕಿಂತ ಮೇಲೆ ಹೋದರೆ ನೀವು ನನ್ನ ಹತ್ತಿರ ಪದೇ ಪದೇ ಬರಬೇಕಾಗ್ತದೆ. ನನಗೆ ಲಾಭವೇ" ಅಂದರು ಮೆಕ್ಯಾನಿಕ್. ಲಾಭ ಬಿಟ್ಟು ಮಾತಾಡುವವರು ಸಿಗುವುದು ಕಷ್ಟ, ಅವರ ಮಾತನ್ನೇ ಹಿಡಿದುಕೊಂಡೆ.

ನಡುವೆ ಕಾನೂನಿನದ್ದೂ ಒಂದು ಪ್ರಶ್ನೆ ಇತ್ತು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಮಾಲೀಕ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕಂಪನಿಯ ಮೂಲ ಸ್ಪೆಸಿಫಿಕೇಶನ್ ಬದಲಾಗುವಂತೆ ಗಾಡಿ ಮಾರ್ಪಡಿಸಬಾರದು ಅಂತ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ಆರ್‌ಸಿಯಲ್ಲಿ ಗ್ರೌಂಡ್ ಕ್ಲಿಯರೆನ್ಸ್ ಅಂತ ಕಾಲಂ ಇಲ್ಲ. ಹಾಗಂತ 20 ಮಿಲಿಮೀಟರ್ ಬಿಲ್ಲೆ ಯಾರ ಕಣ್ಣಿಗೂ ಬೀಳುವುದಿಲ್ಲ ಅಂತ ಸುಮ್ನೆ ಇರುವ ಜನ ನಾನಲ್ಲ. ದೊಡ್ಡ ಆಕ್ಸಿಡೆಂಟ್ ಆಗಿ ಸರ್ವೇಯರ್ ಬಂದಾಗ ಎಲ್ಲವೂ ಕಣ್ಣಿಗೆ ಬೀಳುತ್ತದೆ. ಇನ್ಶೂರೆನ್ಸ್ ಕಂಪನಿಗೆ ಏನು ಹಾಕಿಸುತ್ತಿದ್ದೇನೆ ಅಂತ ಮೊದಲೇ ಬರೆದು ತಿಳಿಸಿ, ಕಳಿಸಿದ ಇ-ಮೇಲ್‌ನ ಪ್ರತಿ ಇಟ್ಟುಕೊಂಡೆ. ವಾರಂಟಿ ಯಾವತ್ತೋ ಮುಗಿದಿತ್ತು. ವಾರಂಟಿ ಇರುವ ಹೊಸ ಗಾಡಿಯಾಗಿದ್ದರೆ ನಾನು ಸ್ಪೇಸರ್ ಮುಟ್ಟುತ್ತಲೇ ಇರಲಿಲ್ಲ.

ಹಾಗಾಗಿ ಕೆಲಸವನ್ನು ಎರಡು ಹಂತ ಮಾಡಿದೆ. ಮೊದಲು ಕಂಪನಿಯದ್ದೇ ಹೊಸ ಸ್ಪ್ರಿಂಗ್, ಹೊಸ ಶಾಕ್, ಮುಂದಿನ ಸ್ಟ್ರಟ್ ಮೌಂಟ್ (ಸ್ಟ್ರಟ್ ಬಾಡಿಗೆ ಸೇರುವ ತುಂಡು), ಬಂಪ್ ಸ್ಟಾಪ್ (ಗಾಡಿ ಪೂರ್ತಿ ಇಳಿದಾಗ ಪೆಟ್ಟು ತಡೆಯುವ ಮೆತ್ತೆ). ಇದಕ್ಕೆ ಕಾನೂನಿನ ತಕರಾರು ಏನೂ ಇಲ್ಲ, ಅದು ರಿಪೇರಿ. ಕೂಲಿ ಸೇರಿ 25 ಸಾವಿರದ ಆಸುಪಾಸು ಆಯಿತು. ಅದನ್ನು ಓಡಿಸಿ, ಅಳೆದು, ಸಾಲದಿದ್ದರೆ ಸ್ಪೇಸರ್.

ಹಳೇ ಸ್ಟ್ರಟ್ ಬಿಚ್ಚುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಸ್ಪ್ರಿಂಗಿಗೆ ಎರಡು ಬದಿಯಿಂದ ಕಂಪ್ರೆಸರ್ ಹಾಕಿ ಬಿಗಿಯುತ್ತಾ ಬಂದ ಹಾಗೆ ಅದು ಸಣ್ಣಗೆ ಕಿರುಗುಟ್ಟಿತು. "ಸ್ವಲ್ಪ ದೂರ ನಿಲ್ಲಿ ಸರ್" ಅಂದರು ಮೆಕ್ಯಾನಿಕ್. ಒತ್ತಿಟ್ಟ ಸ್ಪ್ರಿಂಗ್ ಜಾರಿದರೆ ಕೈ ಮುರಿಯುವಷ್ಟು ಜೋರಿನಲ್ಲಿ ಹಾರುತ್ತದೆ. ಮೇಲಿನ ನಟ್ ತೆಗೆದಾಗ ಬಂಪ್ ಸ್ಟಾಪ್ ಹೊರಬಂತು. ಬಂತು ಅನ್ನುವುದಕ್ಕಿಂತ ಉದುರಿತು. ಹಳದಿ ಫೋಮು, ಕೈಯಲ್ಲಿ ಹಿಡಿದರೆ ಹಳೇ ರಸ್ಕಿನ ಹಾಗೆ ಪುಡಿಪುಡಿ. ಭಾರ ಇದ್ದಾಗ ಕಣಿಯಲ್ಲಿ ಕೇಳುತ್ತಿದ್ದ 'ಧಡ್' ಯಾಕೆ ಅಂತ ಆಗ ಗೊತ್ತಾಯಿತು. ಗಾಡಿ ಪೂರ್ತಿ ಇಳಿದಾಗ ತಡೆಯಲು ಅಲ್ಲಿ ಏನೂ ಉಳಿದೇ ಇರಲಿಲ್ಲ.

ಅವತ್ತು ಕಲಿತ ಇನ್ನೊಂದು ವಿಷಯ ಬುಷ್‌ಗಳದ್ದು, ಅಂದರೆ ಸಸ್ಪೆನ್ಷನ್ ಕೀಲುಗಳಲ್ಲಿರುವ ರಬ್ಬರ್ ಬಳೆಗಳದ್ದು. ಲೋವರ್ ಆರ್ಮ್ ಬುಷ್ ಆಗಲಿ, ಹಿಂದಿನ ಬೀಮಿನ ಬುಷ್ ಆಗಲಿ, ಅದರ ಬೋಲ್ಟನ್ನು ಗಾಡಿ ಲಿಫ್ಟಿನ ಮೇಲೆ ಚಕ್ರ ಜೋತುಬಿದ್ದಿರುವಾಗ ಕೊನೆಯ ಬಿಗಿ ಬಿಗಿಯಬಾರದು. ಬುಷ್‌ನ ರಬ್ಬರ್ ಎರಡೂ ಬದಿಗೆ ಅಂಟಿಕೊಂಡಿರುತ್ತದೆ. ಚಕ್ರ ಜೋತಿರುವಾಗ ಬಿಗಿದರೆ, ಗಾಡಿ ನೆಲಕ್ಕೆ ಇಳಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ. ಬೇಗ ಹರಿಯುತ್ತದೆ, ಗಾಡಿಯೂ ಸರಿಯಾಗಿ ಕೂರುವುದಿಲ್ಲ. ಮೊದಲು ಕೈಬಿಗಿ. ಚಕ್ರದ ಮೇಲೆ ಭಾರ ಬಿದ್ದ ಮೇಲೆ ಪೂರ್ತಿ ಬಿಗಿ. ನೀವು ಗ್ಯಾರೇಜಿನಲ್ಲಿ ಇದೊಂದನ್ನು ಕೇಳಿ ನೋಡಿ. ಉತ್ತರ ಕೇಳಿದರೆ ಸಾಕು, ಗ್ಯಾರೇಜ್ ಎಂಥದ್ದು ಅಂತ ಗೊತ್ತಾಗುತ್ತದೆ.

ಹೊಸ ಸ್ಪ್ರಿಂಗ್ ಕೂತು ಹದವಾಗಲು ಸ್ವಲ್ಪ ಸಮಯ ಬಿಟ್ಟು ಮತ್ತೆ ಅಳೆದೆ. ನಿವೃತ್ತರ ಗಾಡಿಗೆ ಸಮ, ಹಿಂದೆ ಒಂದು ಕೂದಲು ಜಾಸ್ತಿಯೇ ಇತ್ತು. ಇನ್ನೊಂದು ಸಣ್ಣ ಲಾಭವೂ ಆಯಿತು. ಮೊದಲು ಹಿಂದಿನ ಭಾಗ ಜಾಸ್ತಿ ಇಳಿದಿದ್ದರಿಂದ ಹೆಡ್‌ಲೈಟ್ ಮೇಲಕ್ಕೆ ನೋಡುತ್ತಿತ್ತು. ರಾತ್ರಿ ಕಾಪು, ಪಡುಬಿದ್ರಿ ಕಡೆ ಎದುರಿನ ಬಸ್ಸಿನವರು ಲೈಟ್ ಹೊಡೆದು ಬೈದುಕೊಂಡು ಹೋಗುತ್ತಿದ್ದರು. ಈಗ ಅದು ನಿಂತಿದೆ.

ತೋಟದ ದಾರಿಯಲ್ಲಿ ಐದು ಜನ ಕೂತು ಹೋದೆವು. ಉಜ್ಜುವುದು ಬಹಳ ಕಮ್ಮಿಯಾಗಿತ್ತು. ಆದರೆ ಹಲಸಿನ ಮರದ ತಿರುವಿನಲ್ಲಿ, ಏರಿ ಎಲ್ಲಕ್ಕಿಂತ ಎತ್ತರ ಇರುವ ಜಾಗದಲ್ಲಿ, ಇನ್ನೂ ತಾಗಿತು. ಇಳಿದು ಏರಿಯ ಮೇಲೆ ನೇರ ಕೋಲು ಅಡ್ಡ ಇಟ್ಟು, ಅಲ್ಲಿಂದ ಕಣಿಯ ತಳಕ್ಕೆ ಟೇಪ್ ಇಳಿಸಿದೆ. ಭಾರ ಇರುವ ಗಾಡಿಗೆ ಇನ್ನೊಂದು ಬೆರಳು ಬೇಕೇ ಬೇಕು. ಅಪ್ಪ ಜಗಲಿಯಿಂದಲೇ ಕೂಗಿದರು, "ಈಗ ರಸ್ತೆ ಅಳೆಯಲಿಕ್ಕೂ ಶುರು ಮಾಡಿದಿಯಾ? ಸರ್ವೆಯವರನ್ನು ಕರೆಸುವಾ?"

ಹೀಗೆ ಸ್ಪೇಸರ್ ಹಾಕಿಸಿದ್ದು. ಮುಂದೆ ಸ್ಟ್ರಟ್ಟಿನ ಮೇಲೆ 20 ಮಿಲಿಮೀಟರ್ ಅಲ್ಯೂಮಿನಿಯಂ ಬಿಲ್ಲೆ. ಹಿಂದೆ ಸ್ಪ್ರಿಂಗ್ ಕೂರುವ ಜಾಗಕ್ಕೆ ಗಟ್ಟಿ ಪಾಲಿಯುರೇಥೇನ್ ಬಿಲ್ಲೆ, ಅದು ಇನ್ನೂ ತೆಳು. ಹಿಂದಿನ ತೋಳಿನ ಮೇಲೆ ಸ್ಪ್ರಿಂಗ್ ಕೂರುವುದು ಚಕ್ರದ ನಡುವಿಗಿಂತ ಮುಂದೆ ಆದರೆ, ಬಿಲ್ಲೆಯ ದಪ್ಪಕ್ಕಿಂತ ಕೊಂಚ ಜಾಸ್ತಿಯೇ ಎತ್ತರ ಸಿಗುತ್ತದೆ. ಹಾಗಾಗಿ ಹಿಂದೆ ಮುಂದೆ ಒಂದೇ ದಪ್ಪ ಹಾಕಿದರೆ ಒಂದೇ ಎತ್ತರ ಬರುತ್ತದೆ ಅನ್ನುವ ಹಾಗಿಲ್ಲ. ಹಾಕಿ, ಅಳೆದು ನೋಡಬೇಕು.

ಹಾಕಿದ ಮೇಲೆ ಗಾಡಿಯನ್ನು ಗಾಳಿಯಲ್ಲೇ ಇಟ್ಟು ಎಲ್ಲ ನೋಡಿದೆವು. ಚಕ್ರ ಪೂರ್ತಿ ಜೋತಿರುವಾಗ ಕೈಯಲ್ಲಿ ತಿರುಗಿಸಿದರೆ ಜಾಯಿಂಟ್ ಎಲ್ಲಾದರೂ ಹಿಡಿಯುತ್ತದಾ, ಬೂಟಿನ ಮಡಿಕೆ ಒತ್ತಿಕೊಂಡಿದೆಯಾ. ಸ್ಟೇರಿಂಗ್ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ಬ್ರೇಕ್ ಪೈಪ್ ಬಿಗಿದಿದೆಯಾ, ಎಬಿಎಸ್ ವೈರಿಗೆ ಆಟ ಇದೆಯಾ. ಎಲ್ಲ ಸರಿ ಇತ್ತು. ಅಲ್ಲಿಂದ ಸೀದಾ ವೀಲ್ ಅಲೈನ್‌ಮೆಂಟಿಗೆ. ಸ್ಟ್ರಟ್ ಗಾಡಿ ಎತ್ತಿದರೆ ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು) ಮತ್ತು ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರ ವಾಲಿರುವುದು) ಎರಡೂ ಬದಲಾಗುತ್ತವೆ. ಟೋ ಸಾಕಷ್ಟು ತಪ್ಪಿತ್ತು, ಸರಿ ಮಾಡಿದರು. ಕ್ಯಾಂಬರ್ ಮಿತಿಯೊಳಗೆ ಇತ್ತು. ಇನ್ನೂ 10 ಮಿಲಿಮೀಟರ್ ಎತ್ತಿದ್ದರೆ ಕ್ಯಾಂಬರ್ ಬೋಲ್ಟ್ ಬೇರೆ ಹುಡುಕಬೇಕಾಗುತ್ತಿತ್ತೋ ಏನೋ. ಅಲೈನ್‌ಮೆಂಟ್ ಮಾಡಿಸದೆ ಓಡಿಸಿದರೆ ಹೊಸ ಟೈರೂ ಒಂದೇ ಬದಿ ಸವೆದು ಹಾಳಾಗುತ್ತದೆ.

ಎತ್ತಿದ ಗಾಡಿ ತಿರುವಿನಲ್ಲಿ ವಾಲುತ್ತದೆ ಅಂತ ಎಲ್ಲರೂ ಹೆದರಿಸಿದ್ದರು. ಭಾರದ ಕೇಂದ್ರ ಮೇಲೇರಿದರೆ ವಾಲುವುದು ಜಾಸ್ತಿಯಾಗುವುದು ನಿಜವೇ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿ ಇಳಿದು ನೋಡಿದೆ. 14 ಹೇರ್‌ಪಿನ್ ತಿರುವುಗಳು, ಇದಕ್ಕಿಂತ ಒಳ್ಳೆಯ ಪರೀಕ್ಷೆ ಎಲ್ಲಿ ಸಿಗುತ್ತದೆ? ಹಳೇ ಸತ್ತ ಶಾಕ್‌ಗಳಿಗೆ ಹೋಲಿಸಿದರೆ ಗಾಡಿ ಈಗಲೇ ಹೆಚ್ಚು ಬಿಗಿ. ಆದರೆ ಇದನ್ನು ಸ್ಪೇಸರಿನ ಗುಣ ಅಂತ ತಿಳಿಯಬೇಡಿ, ಪೂರ್ತಿ ಹೆಸರು ಹೊಸ ಶಾಕ್‌ಗೇ ಹೋಗಬೇಕು. ಹೆದ್ದಾರಿಯಲ್ಲಿ 80ರ ಮೇಲೆ ಪಕ್ಕದಿಂದ ಗಾಳಿ ಬಂದಾಗ ಮಾತ್ರ ಮೊದಲಿಗಿಂತ ಚೂರು ಜಾಸ್ತಿ ತಳ್ಳಿದ ಹಾಗೆ ಅನಿಸುತ್ತದೆ. ಮೈಲೇಜಿನಲ್ಲಿ ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ.

ದೊಡ್ಡ ವಿರೋಧ ಬಂದದ್ದು ಅಮ್ಮನಿಂದ. "ಮೊದಲೇ ಮೊಣಕಾಲು ಬಗ್ಗುವುದಿಲ್ಲ, ಇನ್ನು ಏಣಿ ಇಡು" ಅಂದರು. ಸೀರೆ ಉಟ್ಟು ಹತ್ತುವವರಿಗೆ, ಹೊಸ ಸ್ಪ್ರಿಂಗ್ ಮತ್ತು ಬಿಲ್ಲೆ ಸೇರಿ ಏರಿದ 35 ಮಿಲಿಮೀಟರ್ ಅಂದರೆ ಸಣ್ಣದಲ್ಲ. ಹೊಟ್ಟೆಯ ಎತ್ತರವನ್ನೇ ಯೋಚಿಸುತ್ತಿದ್ದ ನನಗೆ ಸೀಟಿನ ಎತ್ತರದ ಲೆಕ್ಕ ತಲೆಗೆ ಬಂದಿರಲಿಲ್ಲ. ಈಗ ಡಿಕ್ಕಿಯಲ್ಲಿ ಸಣ್ಣದೊಂದು ಪ್ಲಾಸ್ಟಿಕ್ ಮಣೆ ಇರುತ್ತದೆ. ಅಮ್ಮ ಇಳಿಯುವ ಮೊದಲು ಅದನ್ನು ಇಡುವುದು ಮಗಳ ಕೆಲಸ.

ಹಲಸಿನ ಮರದ ತಿರುವಿನಲ್ಲಿ ಈಗ ತಾಗುವುದಿಲ್ಲ, ಗೋಣಿ ಇದ್ದರೂ. ಒಂದು ತಕರಾರು ಮಾತ್ರ ಉಳಿದಿದೆ. ದೊಡ್ಡ ಹಂಪ್ಸ್ ಸ್ವಲ್ಪ ಜೋರಾಗಿ ದಾಟಿದರೆ ಹಿಂದೆ 'ಟಕ್' ಅನ್ನುತ್ತದೆ. ಹಿಂದಿನ ಶಾಕ್ ಕಂಪನಿಯ ಉದ್ದದ್ದೇ. ಗಾಡಿ ಏರಿದಷ್ಟು ಶಾಕ್ ಆಗಲೇ ಹಿಗ್ಗಿಕೊಂಡಿದೆ, ಚಕ್ರ ಕೆಳಗೆ ಇಳಿಯುವಾಗ ಅದರ ಆಟ ಬೇಗ ಮುಗಿದು ತುದಿ ತಾಗುತ್ತದೆ. ಶಾಕ್‌ನ ಕೆಳಗಿನ ಕಣ್ಣಿಗೆ ಎಕ್ಸ್‌ಟೆನ್ಷನ್ ಹಾಕುವುದು, ಇಲ್ಲವೇ ಹಿಂದಿನ ಬಿಲ್ಲೆಯನ್ನು ಇನ್ನೂ ತೆಳು ಮಾಡುವುದು, ಎರಡರಲ್ಲಿ ಒಂದು ಅಂತ ಮೆಕ್ಯಾನಿಕ್ ಹೇಳುತ್ತಾರೆ. ಎಕ್ಸ್‌ಟೆನ್ಷನ್ ನನಗೆ ಅಷ್ಟು ಇಷ್ಟ ಇಲ್ಲ, ಬೋಲ್ಟಿನ ಮೇಲೆ ಒತ್ತಡ ಬೀಳುವ ಜಾಗ ಅದು. ಮಳೆಗಾಲ ಮುಗಿದ ಮೇಲೆ ಬಿಲ್ಲೆ ತೆಳು ಮಾಡಿಸಿ ನೋಡುವುದು ಅಂತ ಇಟ್ಟುಕೊಂಡಿದ್ದೇನೆ. ಅಲ್ಲಿಯವರೆಗೆ ಹಂಪ್ಸ್ ಬಂದಾಗ ಸೆಕೆಂಡ್ ಗೇರ್.